ಸೇತುವೆ ಹೊತ್ತ ರಾಕ್ಷಸ

"ತೋಳು ಒಂಚೂರು ಎತ್ತಿ ಹಿಡ್ಕೋ," ಎಂದು ತಂಗಿಗೆ ಹೇಳಿ ಟೈಲರಮ್ಮ ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಕೋಟಿನ ಬಲಗಡೆಯ ಹೊಲಿಗೆ ಬಿಚ್ಚಿದಳು. ಸೊಟ್ಟಗಾದ ಆ ಭುಜ ಬದುಕಿದ್ದಾಗ ಯಾವ ಕೋಟಿಗೂ ಬಗ್ಗಿದ್ದಿಲ್ಲ. ಸತ್ತ ಮೇಲೂ ಹಟ ಬಿಟ್ಟಿರಲಿಲ್ಲ.

ಹೂಗುಚ್ಛ ಹಿಡಿದು ಬಂದ ಸಿನಿಮಾ ಕಂಪನಿಯ ಮ್ಯಾನೇಜರ್ ಬಾಗಿಲಲ್ಲೇ ನಿಂತ. "ಅಮ್ಮ, ಹೊರಗೆ ಜನ ಸೇರಿದಾರೆ, ನಾನು ಎರಡು ಮಾತಾಡ್ತೀನಿ. ಕಟ್ ಅಂದಿದ್ದು ಕೇಳಿಸದ ಕಿವುಡ ರಾಕ್ಷಸ! ಜನಕ್ಕೆ ಆ ಕತೆ ಅಂದ್ರೆ ಪ್ರಾಣ."

"ಅವರಿಗೆ ಕಿವಿ ಚೆನ್ನಾಗೇ ಕೇಳ್ತಿತ್ತು. ನಿಜ ಹೇಳೋದಾದ್ರೆ ಮಾತಾಡಿ. ಇಲ್ಲಾಂದ್ರೆ ಹೂವಿಟ್ಟು ಹೋಗಿ."

"ಪಿಕ್ಚರ್ ಮತ್ತೆ ಥಿಯೇಟರಿಗೆ ಬರ್ತಿದೆ. ಹಳೇದೆಲ್ಲ ಈಗ್ಯಾಕೆ ಕೆದಕ್ತೀರಿ?"

ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದಳು.

*

ಆ ಚಿತ್ರದಲ್ಲಿ ಊರ ಮಕ್ಕಳು ರಾಕ್ಷಸನಿಗೆ ಕಲ್ಲು ಹೊಡೆಯುತ್ತಾರೆ. ಕೊನೆಗೆ ಅದೇ ಮಕ್ಕಳು ದಾಟಲೆಂದು ಅವನು ಮುರಿದ ಸೇತುವೆಗೆ ಹೆಗಲು ಕೊಟ್ಟು ಪ್ರಾಣ ಬಿಡುತ್ತಾನೆ. ರಾಕ್ಷಸನ ವೇಷದೊಳಗೆ ಇದ್ದವನು ಇವಳ ಗಂಡ. ಜಿಪ್ಪು ಇಟ್ಟರೆ ಕ್ಯಾಮೆರಾಕ್ಕೆ ಕಾಣುತ್ತದೆಂದು, ಬೆಳಿಗ್ಗೆ ಅವನನ್ನು ಒಳಗೆ ತೂರಿಸಿ ಬೆನ್ನು ಹೊಲಿಯುವುದು, ಸಂಜೆ ಬಿಚ್ಚುವುದು ಇವಳ ಕೆಲಸ. ಮುಖವಾಡಕ್ಕೆ ಕಿವಿಯ ತೂತು ಬೇಡ ಎಂದಿದ್ದರು. ಇವಳು ಕೂದಲ ಕೆಳಗೆ ಕದ್ದು ಕತ್ತರಿ ಹಾಕಿದ್ದಳು. ತಾನು ಬೈದರೆ ಗಂಡನಿಗೆ ಕೇಳಿಸಬೇಡವೇ!

ಒಂದು ದಿನ ಸೆಟ್ಟಿನ ಸೇತುವೆಯ ಹಗ್ಗ ನಿಜಕ್ಕೂ ಕಡಿಯಿತು. "ಕಟ್! ಎಲ್ಲ ಆಚೆ ಬನ್ನಿ!" ಎಂದು ನಿರ್ದೇಶಕ ಕೂಗಿದ. ದೊಡ್ಡವರು ಓಟ ಕಿತ್ತರು, ಎಲ್ಲರಿಗಿಂತ ಮುಂದೆ ಈ ಮ್ಯಾನೇಜರ್. ಮೇಲೆ ಮಕ್ಕಳಿದ್ದರು. ಸೇತುವೆಗೆ ಹೆಗಲು ಕೊಟ್ಟಿದ್ದ ರಾಕ್ಷಸ ಅಲುಗಲಿಲ್ಲ. ಕೊನೆಯ ಹುಡುಗಿ ಇಳಿಯುವ ಹೊತ್ತಿಗೆ ಅವನ ಭುಜ ಮುರಿದಿತ್ತು.

ಹಗ್ಗ ಕಡಿದೇ ಇಲ್ಲ, ಆ ಕಿವುಡ ಕಟ್ ಕೇಳಿಸದೆ ನಟಿಸುತ್ತಲೇ ಇದ್ದ ಎಂದು ಕಂಪನಿ ಕೈ ತೊಳೆದುಕೊಂಡಿತು. ಬಾಯಿಬಿಟ್ಟರೆ ಇಬ್ಬರ ಅನ್ನಕ್ಕೂ ಕಲ್ಲು. "ಸುಮ್ನಿರೇ, ಮಕ್ಕಳು ಬದುಕಿದ್ವಲ್ಲ," ಎಂದ ಗಂಡ. ಇವಳು ಸುಮ್ಮನಿದ್ದಳು. ಒಳಗೊಳಗೇ ಉರಿಯುತ್ತ ಸುಮ್ಮನಿದ್ದಳು.

*

ಪೆಟ್ಟಿಗೆಯನ್ನು ಬೀದಿಗೆ ತಂದಿಟ್ಟಾಗ ಮ್ಯಾನೇಜರ್ ಶುರು ಮಾಡಿಯೇಬಿಟ್ಟ. "ನಮ್ಮ ಕಿವುಡ ರಾಕ್ಷಸ..." ಜನ ನಗಲು ಬಾಯಿ ತೆರೆದರು.

"ಕೇಳಿಸಿತ್ತು!" ಟೈಲರಮ್ಮ ಹೊಸ್ತಿಲಿಂದ ಕೂಗಿದಳು. "ಕಿವಿಗೆ ತೂತು ಮಾಡಿದ್ದು ಇದೇ ಕೈ. ಹಗ್ಗ ಕಡೀತು, ನೀವೆಲ್ಲ ಓಡಿದ್ರಿ. ಅವರು ಕೇಳಿಸ್ಕೊಂಡೂ ನಿಂತರು!"

"ಪಾಪ, ದುಃಖದಲ್ಲಿ ಏನೇನೋ..." ಎಂದು ಮ್ಯಾನೇಜರ್ ಜನರತ್ತ ತಿರುಗಿದ.

"ಏನೇನೋ ಅಲ್ಲ ಸಾರ್." ಬಸ್ ಡ್ರೈವರ್ ಸಮವಸ್ತ್ರದ ಹೆಂಗಸೊಬ್ಬಳು ಗುಂಪಿನಿಂದ ಮುಂದೆ ಬಂದಳು. "ಆ ಕೊನೇ ಹುಡುಗಿ ನಾನೇ. ಹೆದರಿ ಅಳ್ತಾ ನಿಂತುಬಿಟ್ಟಿದ್ದೆ. 'ಅವರು ಕಟ್ ಅಂದ್ರೆ ಅನ್ಲಿ, ನೀನು ನಿಧಾನಕ್ಕೆ ಇಳಿ ಮಗಳೇ, ನಾನಿದ್ದೀನಿ' ಅಂದ್ರು."

ಯಾರೂ ನಗಲಿಲ್ಲ. ಹೊರುವವರು ಪೆಟ್ಟಿಗೆಗೆ ಕೈ ಹಾಕಿದರು. ಮುಂದಿನ ಮೂಲೆಗೆ ಬಂದ ಮ್ಯಾನೇಜರನನ್ನು ಪಕ್ಕಕ್ಕೆ ಸರಿಸಿ ಟೈಲರಮ್ಮ ತಾನೇ ಹೆಗಲು ಕೊಟ್ಟಳು. ಇನ್ನೊಂದು ಮೂಲೆಗೆ ಡ್ರೈವರ್ ಬಂದಳು. ಅವಳು ಉದ್ದ, ಇವಳು ಗಿಡ್ಡ. ಪೆಟ್ಟಿಗೆ ಒಂದು ಕಡೆ ವಾಲಿತು.

"ಬಿಡಿ ಅಮ್ಮ, ನಿಮ್ಮ ಕೈಲಾಗಲ್ಲ. ಇಳಿಸಿ!" ಎಂದ ಮ್ಯಾನೇಜರ್.

ಟೈಲರಮ್ಮನಿಗೆ ಚೆನ್ನಾಗಿಯೇ ಕೇಳಿಸಿತು. ಅವಳು ತುದಿಗಾಲಲ್ಲಿ ನಿಂತು ಪೆಟ್ಟಿಗೆಯನ್ನು ಸಮ ಮಾಡಿಕೊಂಡಳು, ಹಾಗೆಯೇ ಬೀದಿಯ ನಡುವೆ ಹೆಜ್ಜೆ ಇಟ್ಟಳು.