ರೆಸಿನ್ನಿನೊಳಗಿನ ಎರಡು ಸಾಲು

ಚಿಕ್ಕಮ್ಮ ಕೆಲಸಕ್ಕೆ ಕೂತರೆ ಹುಡುಗಿಗೆ ಹಸಿವು ನೀರಡಿಕೆ ಇಲ್ಲ, ಪಕ್ಕದಲ್ಲಿ ನಿಂತು ನೋಡುವುದೇ ಕೆಲಸ. ಮಗುವಿನ ಮೊದಲ ಗೀಚಿರಲಿ, ಮುದುಕರ ಪತ್ರವಿರಲಿ, ಸುರಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ನಿನ ಬಿಲ್ಲೆಯೊಳಗೆ ಚಿಕ್ಕಮ್ಮ ಅದನ್ನು ಕೊಳದಲ್ಲಿ ತೇಲುವ ಎಲೆಯಂತೆ ನಿಲ್ಲಿಸುತ್ತಿದ್ದಳು. ಬರೀ ಕಾಗದ ಇಟ್ಟರೆ ರೆಸಿನ್ ಕುಡಿದು ಎಣ್ಣೆ ಬಿದ್ದ ಹಾಗಾಗುತ್ತದೆ. ಅದಕ್ಕೇ ಮೊದಲು ಎರಡೂ ಬದಿಗೆ ನೀರಲ್ಲಿ ಕಲಸಿದ ಅಂಟು, ಅಂದರೆ ನೀರಂಟು, ಬಳಿದು ಒಣಗಿಸಬೇಕು. ಬಳಿಯುವಾಗ ಚಿಕ್ಕಮ್ಮ ಉಸಿರು ಬಿಗಿಹಿಡಿಯುತ್ತಿದ್ದಳು, ನೋಡುತ್ತಿದ್ದ ಹುಡುಗಿಯೂ.

ಒಂದು ಬೆಳಿಗ್ಗೆ ಎದುರು ಬೀದಿಯ ಟೈಲರ್ ಬಂದು ಅಂಗೈಯಗಲದ ಚೀಟಿಯೊಂದನ್ನು ಮೇಜಿನ ಮೇಲಿಟ್ಟ.

"ಅಮ್ಮನ ಕೈಬರಹ ಅಂತ ಉಳಿದಿರೋದು ಇದೊಂದೇ ಅಕ್ಕ. ಜೇಬಲ್ಲಿಟ್ಟು ಸವೆದೋಗ್ತಿದೆ. ಗೋಡೆಗೆ ಹಾಕೋ ಹಂಗೆ ಮಾಡ್ಕೊಡಿ."

ನೀಲಿ ಶಾಯಿಯಲ್ಲಿ ಎರಡೇ ಸಾಲು: 'ಗುಂಡಿ ಹೊಲಿದಿಟ್ಟಿದ್ದೇನೆ. ಹಸಿದುಕೊಂಡು ಹೋಗಬೇಡ.'

"ಅವರೂ ಟೈಲರಾ?" ಚಿಕ್ಕಮ್ಮ ಕೇಳಿದಳು.

"ಅವಳೇ ಟೈಲರ್. ನಾನು ಹಾಕಿದ ಗುಂಡಿ ಇವತ್ತಿಗೂ ಕಿತ್ತು ಬರ್ತದೆ."

ಚಿಕ್ಕಮ್ಮ ನಕ್ಕಳು. ಹುಡುಗಿ ನಗಲಿಲ್ಲ. ಬಿಸಿಲಲ್ಲಿ ನಡೆದು ಬಂದ ಅವನ ಬೆವರಿದ ಹೆಬ್ಬೆರಳ ಮೇಲೆ ಮಾಸಲು ನೀಲಿ ಇತ್ತು.

ಹರಿದ ಚೂರಿದ್ದರೆ, ಶಾಯಿ ಕದಡುತ್ತದೆಯೇ ಎಂದು ಮೊದಲು ಅದಕ್ಕೆ ಅಂಟು ಬಳಿದು ನೋಡುವುದು ಚಿಕ್ಕಮ್ಮನ ಪದ್ಧತಿ. ಇಲ್ಲಿ ಚೂರೆಲ್ಲಿಂದ ಬರಬೇಕು? "ಹಳೇ ಶಾಯಿ, ಕಲ್ಲಿನ ಹಾಗೆ ಕೂತಿರ್ತದೆ" ಎಂದು ಕುಂಚ ಅದ್ದಿದಳು.

ಗಿರಾಕಿಗಳ ಮುಂದೆ ಹುಡುಗಿ ಬಾಯಿ ಬಿಟ್ಟವಳೇ ಅಲ್ಲ. ಈಗ ಒಂದು ಹೆಜ್ಜೆ ಮುಂದೆ ಬಂದಳು.

"ಚಿಕ್ಕಮ್ಮ, ಕುಂಚ ಇಡು. ಅವರ ಬೆರಳು ನೀಲಿ ಆಗಿದೆ."

"ಟೈಲರ್ ಬೆರಳಲ್ವೇನೆ, ಸೀಮೆಸುಣ್ಣ ಇರ್ಬೇಕು."

ಟೈಲರ್ ಹೆಬ್ಬೆರಳು ನೋಡಿಕೊಂಡ. "ನಾನು ಬಿಳಿ ಸೀಮೆಸುಣ್ಣ ಬಿಟ್ಟು ಬೇರೆ ಮುಟ್ಟಲ್ಲ."

ಕುಂಚ ಗಾಳಿಯಲ್ಲೇ ನಿಂತಿತು. ಹನಿ ಮೇಜಿನ ಮೇಲೆ ಬಿತ್ತು.

"ಮೂಲೇಲಿ ಪೆನ್ನು ಬರೀತದಾ ಅಂತ ಗೀಚಿದಾರೆ," ಎಂದಳು ಹುಡುಗಿ ಮೆಲ್ಲಗೆ. "ಅಲ್ಲಿ ಒದ್ದೆ ಮಾಡಿ ನೋಡು."

ಚಿಕ್ಕಮ್ಮ ಟೈಲರನ ಮುಖ ನೋಡಿದಳು. ಅವನು ಒಪ್ಪಿ ತಲೆಯಾಡಿಸಿದ. ಒದ್ದೆ ಹತ್ತಿ ಸೋಕಿದ್ದೇ ತಡ, ಗೀಚು ಕದಡಿ ಹತ್ತಿಯ ತುದಿ ನೀಲಿಯಾಯಿತು.

ಇಪ್ಪತ್ತು ವರ್ಷ ಪಳಗಿದ ಕೈ ಒಂದು ಪುಟ್ಟ ಮಾತಿಗೆ ನಿಂತಿತ್ತಲ್ಲ, ಹುಡುಗಿಗೆ ಅದೇ ದೊಡ್ಡದಾಗಿ ಕಂಡಿತು. ಚಿಕ್ಕಮ್ಮ ನೀರಂಟನ್ನು ಮುಚ್ಚಿಟ್ಟು ನೀರಿಲ್ಲದ ವಾರ್ನಿಷ್ ಡಬ್ಬಿ ತೆಗೆದಳು. ತೋಳಳತೆಯ ದೂರದಿಂದ ಮಂಜಿನ ಹಾಗೆ ಸಿಂಪಡಿಸಿದಳು; ಒಣಗಲು ಬಿಟ್ಟಳು; ಮತ್ತೆ ಸಿಂಪಡಿಸಿದಳು. ಒಟ್ಟು ಆರು ಸಲ. ಆಮೇಲೆ ರೆಸಿನ್ ಸುರಿದಳು.

ನಾಲ್ಕನೇ ದಿನ ಟೈಲರ್ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದಕ್ಷರವೂ ಕದಡಿರಲಿಲ್ಲ. ಎರಡು ಸಾಲನ್ನೂ ತುಟಿಯಲ್ಲೇ ಓದಿಕೊಂಡ.

"ನನ್ನ ಕೈಚಳಕ ಅಂದ್ಕೋಬೇಡಿ. ಇವಳ ಕಣ್ಣು," ಎಂದಳು ಚಿಕ್ಕಮ್ಮ. ಹುಡುಗಿ ಕಪಾಟಿನ ಮರೆಗೆ ಸರಿದಳು. "ನಿಮ್ದು ಊಟ ಆಯ್ತಾ?"

"ಎಲ್ಲಿ ಅಕ್ಕ, ಅಂಗಡಿ ಮುಚ್ಚಿ ನೆಟ್ಟಗೆ ಇಲ್ಲಿಗೇ ಬಂದೆ."

"ಮತ್ತೆ ನಿಮ್ಮಮ್ಮ ಅಲ್ಲೇನು ಬರ್ದಿದಾರೆ? ಕೂತ್ಕೊಳ್ಳಿ." ಚಿಕ್ಕಮ್ಮ ಕಪಾಟಿನ ಕಡೆ ತಿರುಗಿದಳು. "ತಟ್ಟೆ ತಗೊಂಬಾರೆ."