ಕಬ್ಬಿಣದ ಸೂಜಿಗಳು

ಬೈಕಿನ ಮುರಿದ ಬ್ರೇಕ್ ಲಿವರನ್ನು ದೇವಿರಮ್ಮ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟಾಗ ರವಿಚಂದ್ರ ಮೊದಲು ನೋಡಿದ್ದು ಅದರ ಬೆನ್ನಿನ ಸಂಖ್ಯೆಯನ್ನು. ಏಪ್ರಿಲ್ ತಿಂಗಳ ಎರಕ. ಸೋಮನಹಳ್ಳಿಯ ಈ ಕಾರ್ಖಾನೆಯದೇ. ಪರೀಕ್ಷೆ ಮಾಡಿ ಪಾಸು ಮಾಡಿದ ರುಜು ಅವನದೇ.

"ಗಾಡಿ ರಿಪೇರಿಯವ್ನು ಇಲ್ಗೋಗಿ ಅಂದ," ಎಂದಳು. ದುದ್ದದಿಂದ ಎರಡು ಬಸ್ಸು ಹತ್ತಿ ಬಂದಿದ್ದಳು. "ನನ್ ಮಗ ಸ್ವರೂಪ ಜೋರಾಗಿ ಓಡುಸ್ದ ಅಂತಾರೆ ಪೋಲೀಸ್ನೋರು. ಬ್ರೇಕು ಮುರುದೋಯ್ತು ಕಣಮ್ಮ ಅಂತ ಸಾಯೋ ಮುಂದೆ ಅವ್ನೇಳ್ದ. ಯಾವುದು ದಿಟ, ನೋಡಿ ಏಳಪ್ಪ."

"ಹೊತ್ತು ಹಿಡಿಯುತ್ತೆ."

"ಕೂತಿರ್ತೀನಿ ಬುಡು."

ಆಗದು ಎನ್ನಬಹುದಿತ್ತು. ಎಂ.ಟೆಕ್. ಓದಿದವನ ಹಾಳು ಕುತೂಹಲ. ಉಗುರಿನಷ್ಟು ಚೂರು ಕತ್ತರಿಸಿದ, ಹೊಳೆಯುವವರೆಗೆ ಉಜ್ಜಿದ, ಆಸಿಡ್ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟ.

ಸೂಜಿಗಳು. ಬೆಳ್ಳನೆಯ ಅಲ್ಯೂಮಿನಿಯಂ ತುಂಬ ಉದ್ದುದ್ದ ಕಪ್ಪು ಸೂಜಿಗಳು.

ಅಲ್ಯೂಮಿನಿಯಂ ಕಬ್ಬಿಣವನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಆರುವಾಗ ಹೊರದಬ್ಬುತ್ತದೆ, ದಬ್ಬಿಸಿಕೊಂಡ ಕಬ್ಬಿಣ ಸಿಲಿಕಾನ್ ಜೊತೆ ಕೂಡಿ ಸೂಜಿಯಾಗುತ್ತದೆ, ಲೋಹ ಅಲ್ಲೇ ಸೀಳುತ್ತದೆ. ಒಂದಿಷ್ಟು ಮ್ಯಾಂಗನೀಸ್ ಬಿದ್ದಿದ್ದರೆ ಸೂಜಿಗಳು ಸುರುಟಿಕೊಂಡು ತೆಪ್ಪಗಿರುತ್ತಿದ್ದವು. ಏಪ್ರಿಲ್‌ನಲ್ಲಿ ಬಿದ್ದಿರಲಿಲ್ಲ. ಎರಕದ ಮಹದೇವು ಸುಣ್ಣ ಬಳಿಯದ ಕಬ್ಬಿಣದ ಸಲಾಕೆಯಲ್ಲೇ ಕರಗಿದ ಲೋಹವನ್ನು ಕಲಕುತ್ತಿದ್ದ. ಸಲಾಕೆ ಆ ಲೋಹದಲ್ಲಿ ಕರಗಿ ವಾರವಾರವೂ ಗಿಡ್ಡವಾಗುತ್ತಿತ್ತು. "ಕುಲುಮೆ ಸಲಾಕೇನೂ ತಿಂತದಲ್ಲ ಸಾ," ಎಂದಿದ್ದ. ಇಬ್ಬರೂ ನಕ್ಕಿದ್ದರು. ಕಬ್ಬಿಣ ಮಿತಿ ಮೀರಿದ್ದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಗೇಟಿನಲ್ಲಿ ಲಾರಿ ಕಾಯುತ್ತಿತ್ತು, ರುಜು ಹಾಕಿದ್ದ.

ಒಮ್ಮೆ ಹುಟ್ಟಿದ ಸೂಜಿಗಳು ಎಷ್ಟು ಕಾಯಿಸಿದರೂ ಹೋಗುವುದಿಲ್ಲ, ಅಷ್ಟು ಸ್ಥಿರ. ಇದನ್ನು ಬರೆದು ಅವನು ಕಾಲೇಜಿನಲ್ಲಿ ಒಳ್ಳೆಯ ಅಂಕ ಪಡೆದಿದ್ದ.

"ಏನ್ ಕಾಣ್ತದಪ್ಪ?"

ಹೇಳಿಬಿಡಬೇಕೆನ್ನಿಸಿತು. ಹೆದರಿಕೆಯಾಯಿತು.

"ಲೋಹ ಸರಿಯಾಗಿದೆ." ದನಿ ಇನ್ನಾರದೋ ಅನ್ನಿಸಿತು.

"ಮತ್ತೆ ಮುರ್ದಿರಾದು ಎಂಗೆ?"

"ಬಿದ್ದ ಪೆಟ್ಟಿಗೆ ಮುರಿದಿರಬೇಕು."

ದೇವಿರಮ್ಮ ಖಾಲಿ ಕವರನ್ನು ಮಡಚಿದಳು. ಅಳಲಿಲ್ಲ.

"ಅಂಗಾರೆ ಸಾಯೋ ಗಳಿಗೇಲೂ ನಂಗೆ ಸುಳ್ಳೇಳ್ದ," ಎಂದಳು. "ಗ್ವಾಡೇಲಿ ಅವನ್ ಪಟ ಆಕಿವ್ನಿ. ಇಳುಸ್ಬುಡ್ತೀನಿ."

ಉಳಿದ ತುಂಡನ್ನು ಮೇಜಿನ ಮೇಲೇ ಬಿಟ್ಟು ಹೊರಟಳು. ರವಿಚಂದ್ರ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.

ನಡುವೆ ಹಾದಿದ್ದ ಸೂಜಿಯೊಂದರ ತುದಿ ಕಾಣುತ್ತಿರಲಿಲ್ಲ. ತಿರುಪು ತಿರುಗಿಸಿ ಚೂರನ್ನು ಸರಿಸಿದ. ಸೂಜಿ ಮುಂದುವರಿಯಿತು. ಇನ್ನಷ್ಟು ಸರಿಸಿದ. ಇರುವುದೇ ಉಗುರಗಲ, ಇಷ್ಟರಲ್ಲಿ ಅಂಚು ಬರಬೇಕಿತ್ತು. ಬರಲಿಲ್ಲ. ಹೆದ್ದಾರಿಯಲ್ಲಿ ಬಸ್ಸು ನಿಂತು ಹೊರಟ ಸದ್ದಾಯಿತು. ತಲೆಯೆತ್ತಲು ಧೈರ್ಯ ಸಾಲದೆ ಅವನು ತಿರುಪು ತಿರುಗಿಸುತ್ತಲೇ ಇದ್ದ, ಕಪ್ಪು ಸೂಜಿ ಬರುತ್ತಲೇ ಇತ್ತು.