ಕ್ಯಾಂಪಿಗೆ ಹೋದ ಮಾರೆವ್ವ

ಕ್ಯಾಂಪ್ ಅನ್ನೋ ಇಂಗ್ಲಿಷ್ ಮಾತು ನಮಗ ಯಾರೂ ಸಾಲ್ಯಾಗ ಕಲಿಸಲಿಲ್ಲ, ತಾನ ಬಂದು ಮನಿ ಹೊಕ್ತು. ಹಿಂದ ಬ್ರಿಟಿಷರ ದಂಡು ಡೇರೆ ಹೊಡದ ಬಯಲಿಗೆ ಹಂಗ ಅಂತಿದ್ರಂತ, ವಿರೂಪಾಕ್ಷಪ್ಪ ಮಾಸ್ತರು ಹೇಳತಿದ್ರು. ಡ್ಯಾಮ್ ಕಟ್ಟೋ ಮುಂದ ಕೂಲಿ ಮಂದಿ ತಗಡಿನ ಗುಡಸಲಕ್ಕೂ ಅದ ಹೆಸರಾತು. ಕಾಲವಿ ನೀರು ಬಂದಮ್ಯಾಲ ಆಂಧ್ರದ ರೈತರು ಬಂದು ಎರಿಹೊಲ ಕೊಂಡು ಮನಿ ಕಟ್ಟಿದ್ರಲ್ಲ, ಅವೂ ಕ್ಯಾಂಪೇ. ಮೊಮ್ಮಕ್ಕಳು ಹುಟ್ಟಿದ್ರೂ ಊರು ಅನ್ನಿಸಿಕೊಳ್ಳಲಿಲ್ಲ. ಕಾರಟಗಿ ಕಡಿ ಅಂಥದ್ದೊಂದು ಕ್ಯಾಂಪಿನ ಅಂಚಿಗೆ ನಾವು ಭತ್ತದ ನಾಟಿ ಹಚ್ಚಿ ಹೊಟ್ಟಿ ಹೊರಕೊಂತಿದ್ವಿ. ಅವರ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಸಿಟ್ಟು ಎಪ್ಪತ್ತಾರನೇ ಇಸ್ವಿ, ಮಕ್ಕಳಾಗದಂಗ ಮಾಡೋ ಆಪರೇಶನ್ ಕ್ಯಾಂಪಿನ ಮ್ಯಾಲ.

ಮಾರೆವ್ವ ನನ್ನ ನಾದಿನಿ, ನನ್ನ ಗಂಡ ವೆಂಕೋಬನ ತಂಗಿ. ಮೂರು ಮಕ್ಕಳ ತಾಯಿ. ಅಕಿ ಗಂಡ ತಿರುಪತಿ, ಕಾಲವಿ ಮ್ಯಾಲ ದಿನಗೂಲಿ. ಗಂಡ ಹೆಂಡ್ತಿ ಒಳಗ ಒಬ್ಬರು ಆಪರೇಶನ್ ಮಾಡಿಸ್ಕೊಳ್ಳದಿದ್ರ ಕೆಲಸ ಇಲ್ಲ ಅಂತ ಮ್ಯಾಲಿನವರು ಹೇಳಿಬಿಟ್ರು. ಗಂಡಸರಿಗೆ ಅದು ಸಣ್ಣ ಕೆಲಸ, ಮಾಡಿಸ್ಕೊಂಡವರು ನಮ್ಮ ಓಣ್ಯಾಗ ಇದ್ರು. ಆದ್ರ ಮೀಸಿ ತಿರುವೋ ಗಂಡು ಕತ್ರಿ ಅಂದಕೂಡ್ಲೆ ನಡುಗಿದ, ಹೆಂಡ್ತೀನ ಮುಂದ ದೂಡಿದ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ. ಥೂ ಅವನ ಬಾಳೇಕ್ಕ.

ಕ್ಯಾಂಪಿನ ಹಿಂದಿನ ದಿನ ಮಾರೆವ್ವ ಮಕ್ಕಳನ್ನ ಕಟಗೊಂಡು ತವರಿಗೆ, ಅಂದ್ರ ನಮ್ಮ ಮನಿಗೆ ಬಂದ್ಲು. ರಾತ್ರಿಯಿಂದ ಏನೂ ತಿನ್ನಬಾರದು, ನೀರೂ ಕುಡಿಬಾರದು ಅಂತ ನರ್ಸಮ್ಮ ಹೇಳಿದ್ಲು. ನಮ್ಮತ್ತಿ ಗಾಳೆಮ್ಮಗ ಆ ಮಾತು ಗಂಟಲದಾಗ ಇಳೀಲಿಲ್ಲ. ತವರಿಗೆ ಬಂದ ಮಗಳನ್ನ ಹಸದ ಹೊಟ್ಟೀಲೆ ಹೊಸ್ತಿಲು ದಾಟಸೋ ಪದ್ಧತಿ ನಮ್ಮಲ್ಲಿಲ್ಲ. ಮುಂಜಾನೆ ಬಿಸಿ ರೊಟ್ಟಿ ಬಡದು, ಪುಂಡಿಪಲ್ಯ ಹಚ್ಚಿ ಹಿಡಕೊಂಡು ನಿಂತ್ಲು. ಬ್ಯಾಡ ಅತ್ತಿ, ಡಾಕ್ಟರ ಮಾತು ಕೇಳ್ರಿ ಅಂತ ನಾನ ತಡದೆ. ಬಂದು ಉಣತೀನಿ ತಗದಿಡಬೇ ಅಂದ್ಲು ಮಾರೆವ್ವ. ಮುದುಕಿ ಕಣ್ಣೀರು ಒರಿಸ್ಕೊಂಡು ರೊಟ್ಟಿ ಬುಟ್ಯಾಗ ಇಟ್ಲು. ಅದನ್ನ ಆಮ್ಯಾಲ ಮಕ್ಕಳು ತಿಂದ್ವು.

ಕ್ಯಾಂಪು ಒಂದು ಸಾಲ್ಯಾಗ ಇತ್ತು. ಬೆಂಚು ಜೋಡಿಸಿ ಮಂಚ ಮಾಡಿದ್ರು, ವರಾಂಡದಾಗ ಹೆಣ್ಮಕ್ಕಳನ್ನ ಸಾಲಾಗಿ ಕೂಡಿಸಿದ್ರು. ಮಾರೆವ್ವನ ಪಾಳಿ ಬರೋದ್ರಾಗ ಹೊತ್ತು ಇಳದಿತ್ತು. ಡಾಕ್ಟರ ದಣದಿದ್ದ, ಒಬ್ಬಾಕಿ ಹೊರಗ ಬರೋದ್ರಾಗ ಇನ್ನೊಬ್ಬಾಕೀನ ಒಳಗ ಕರೀತಿದ್ದ. ಒಳಗ ಏನು ಕೊಯ್ದನೋ, ಯಾವ ಮದ್ದು ಚುಚ್ಚಿದನೋ ಆ ದೇವರಿಗೇ ಗೊತ್ತು. ಹೊರಗ ತಂದು ಚಾಪಿ ಮ್ಯಾಲ ಹಾಕಿದಾಗ ಮಾರೆವ್ವನ ಮೈ ತಣ್ಣಗಿತ್ತು, ತುಟಿ ಕರ್ರಗಾಗಿತ್ತು. ಮದ್ದಿನ ಅಮಲು, ಏಳತಾಳ ಅಂದ್ರು. ಏಳಲಿಲ್ಲ.

ವೆಂಕೋಬ ಬಿಡಲಿಲ್ಲ. ತಂಗಿ ತಿರುಗಿ ಬರಂಗಿಲ್ಲ, ಆದ್ರ ತಪ್ಪು ಯಾರದು ಅಂತ ಸರಕಾರ ಬಾಯಿಬಿಟ್ಟು ಹೇಳಲಿ, ಇಲ್ಲಾಂದ್ರ ನಾಳೆ ಅದ ಕೈ ಇನ್ನೊಬ್ಬರ ಮಗಳನ್ನ ಕೊಯ್ತೈತಿ ಅಂದ. ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವಸಿದ. ಹೋದಾಗೆಲ್ಲ, ಸಾಹೇಬರು ಕ್ಯಾಂಪ್ ಹೋಗ್ಯಾರ ಅಂತಿದ್ರು. ಜೀಪಿನಾಗ ಊರೂರು ತಿರುಗೋದಕ್ಕೂ ಅದ ಮಾತಂತ, ಸುಡುಗಾಡು. ಕಡೀಕ ಆ ಸಾಹೇಬರು ವಿಚಾರಣೆಗೆ ನಮ್ಮ ಓಣಿಗೇ ಬಂದ್ರು.

ಊರ ಮಂದಿ ಎಲ್ಲಾ ನೆರದಿತ್ತು. ಸಾಹೇಬರು ಹೊರಸಿನ ಮ್ಯಾಲ ಕುಂತು, ಭಾಳ ಮೆತ್ತಗ, ಸಮಾಧಾನ ಹೇಳೋರಂಗ ಅತ್ತೀನ ಕೇಳಿದ್ರು.

"ಪಾಪ, ಹೋಗೋ ಮುಂಚೆ ಮಗಳು ಏನಾದ್ರೂ ಊಟ ಮಾಡಿದ್ಲೇನಮ್ಮಾ?"

ಅತ್ತಿ ಸುತ್ತ ನಿಂತವರ ಮುಖ ನೋಡಿದ್ಲು. ಸೆರಗು ಸರಿ ಮಾಡಿಕೊಂಡ್ಲು.

"ಉಣಿಸೀನ್ರಿ. ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಹೊಟ್ಟಿ ತುಂಬ ಉಣಿಸಿ ಕಳಿಸೀನಿ."

ಇಲ್ರಿ ಸಾಹೇಬ್ರ, ಒಂದು ತುತ್ತೂ ಉಂಡಿಲ್ಲ ಅಂತ ನಾನೂ ವೆಂಕೋಬನೂ ಬಾಯಿ ಬಾಯಿ ಬಡಕೊಂಡ್ವಿ. ಹೆತ್ತ ತಾಯಿ ಮಾತು ನಂಬಲೋ, ನಿಮ್ಮದು ನಂಬಲೋ ಅಂದು ಸಾಹೇಬರು ಎದ್ರು. ಡಾಕ್ಟರ ಮಾತು ಮೀರಿ ಉಂಡು ಬಂದದ್ದಕ್ಕ ಸಾವು ಬಂತು ಅಂತ ತೀರ್ಮಾನ ಆತು, ಮುಗೀತು.

ಮಂದಿ ಚದರಿದ ಮ್ಯಾಲ ನಾನು ಮುದುಕಿ ಮ್ಯಾಲ ಏರಿ ಹೋದೆ. ಯಾಕ ಹಂಗ ಹೇಳಿದ್ರಿ, ಮಗಳನ್ನ ಕೊಂದವನ್ನ ಕೈಯಾರೆ ಬಿಡಿಸಿದ್ರಲ್ಲ ಅಂತ ಒದರಿದೆ. ಅಕಿ ನೆಲಾ ನೋಡಕೊಂತ ಕುಂತಿದ್ಲು.

"ಅಷ್ಟು ಮಂದಿ ಮುಂದ, ನನ್ನ ಮಗಳನ್ನ ಹಸದ ಹೊಟ್ಟೀಲೆ ಸಾಯಾಕ ಕಳಿಸಿದೆ ಅಂತ ಯಾವ ಬಾಯೀಲೆ ಹೇಳಲೆವ್ವಾ?"

ನನ್ನ ಸಿಟ್ಟು ಅಲ್ಲೇ ಸತ್ತು ಹೋತು. ಅಕಿ ಜೋಡಿ ಕುಂತು ಅತ್ತೆ.

ತಿರುಪತಿ ಇನ್ನೊಂದು ಮದಿವಿ ಆದ, ಮಕ್ಕಳು ನಮ್ಮಲ್ಲೇ ಬೆಳದ್ವು. ಓಣಿ ಮಂದಿ ನಾಲಿಗಿ ಸುಮ್ಮನಿರತೈತೇನು? ಅಜ್ಜಿ ಉಣಿಸಿ ನಿಮ್ಮವ್ವನ್ನ ಕೊಂದ್ಲು ಅಂತ ಹಿರೇ ಹುಡುಗಿ ಕಳಕಮ್ಮನ ಕಿವಿಗೆ ಹಾಕಿದ್ರು. ಹುಡುಗಿ ಅಜ್ಜಿ ಕೈಲೆ ಉಣ್ಣೋದು ಬಿಟ್ಲು. ಅಕಿ ಬಡಿದ ರೊಟ್ಟಿ ಮುಟ್ಟತಿರಲಿಲ್ಲ. ಸುಳ್ಳವ್ವ ಅದು, ನಿಮ್ಮವ್ವ ಒಂದು ತುತ್ತೂ ಉಂಡಿರಲಿಲ್ಲ ಅಂತ ನಾ ಎಷ್ಟ ಹೇಳಿದ್ರೂ ನಂಬಲಿಲ್ಲ. ಎಂಬತ್ತನೇ ಇಸ್ವಿ ದಾಟಿ, ದೊಡ್ಡಾಕಿ ಆದಮ್ಯಾಲ, ಒಂದಿನ ಅಜ್ಜಿ ಮುಂದ ಹೋಗಿ ಕುಂತು, ನಮ್ಮವ್ವಗ ಉಣಿಸಿದ್ದಿಲ್ಲಂತಲ್ಲ, ಖರೇ ಏನು ಅಂತ ನೆಟ್ಟಗ ಕೇಳಿದ್ಲು. ನಾ ಒಲಿ ಮುಂದಿದ್ದೆ. ಇಲ್ಲ ಅನ್ರಿ ಅತ್ತಿ, ಇವತ್ತರ ಅನ್ರಿ ಅಂತ ಮನಸಿನ್ಯಾಗ ಬೇಡಿಕೊಂಡೆ.

"ಉಣಿಸಿದ್ದೆ ನನ್ನವ್ವಾ," ಅಂದ್ಲು ಮುದುಕಿ, "ಹೊಟ್ಟಿ ತುಂಬ ಉಣಿಸಿದ್ದೆ."

ಹುಡುಗಿ ಎದ್ದು ಹೊರಗ ಹೋದ್ಲು.